ಶಿಶುವಿನ ಮುಖವು ಕೂಡಿಬರುವ ಬಗೆ

ನಮ್ಮ ಶಾಲೆಯಿಂದ ಹೊರಟ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ಅತ್ತೆಯಂದಿರೂ ಆಗಿದ್ದಾರೆ. ಆದಕಾರಣ ಈ ಸಂಚಿಕೆಗೆ ಪರೀಕ್ಷೆಯ ಫಲಗಳನ್ನು ಕುರಿತು ಬರೆಯುವದನ್ನು ಬಿಟ್ಟು, ಶಿಶುವಿನ ಮುಖವು ಗರ್ಭದಲ್ಲಿ ಉಂಟಾಗುವ ಬಗೆಯನ್ನು ತಿಳಿಸಲು ನಾವು ಮನಸ್ಸುಮಾಡಿದ್ದೇವೆ. ಇದನ್ನು ಅರಿಯದೆ ಇರುವದರಿಂದ ನಮ್ಮ ಮನೆಗಳಲ್ಲಿ ಕೆಲವು ತಾಯಂದಿರು ಅನ್ಯಾಯವಾಗಿ ಕಣ್ಣೀರಿಟ್ಟಿದ್ದಾರೆ.

ಮುಖವು ಒಂದೇ ಮುದ್ದೆಯಿಂದ ತಿದ್ದಿ ತೆಗೆದದ್ದೆಂದು ಸಾಧಾರಣವಾಗಿ ಎಣಿಸುವದುಂಟು. ಹಾಗಲ್ಲ, ಅದು ಬೇರೆ ಬೇರೆ ತುಂಡುಗಳಾಗಿ ಹುಟ್ಟಿ ಕೂಡಿಬರುವಂಥಾದ್ದು. ಗರ್ಭ ನಿಂತ 4ನೆಯ ವಾರದ ಕೊನೆಗೆ ಪಿಂಡದ ಉದ್ದವು ಸುಮಾರು 5 ಮಿಲಿಮೀಟರ್ ಮಾತ್ರ. ಆಗ, ಮುಂದೆ ಬಾಯಾಗತಕ್ಕ ತಗ್ಗಿನ ಸುತ್ತಲು ಐದು ಉಬ್ಬುಗಳು ಕಾಣುತ್ತವೆ: ಮೇಲೆ ಹಣೆಯದು ಒಂದು, ಇಕ್ಕೆಲಗಳಲ್ಲಿ ಮೇಲ್ದವಡೆಯವು ಎರಡು, ಕೆಳಗೆ ಕೆಳದವಡೆಯವು ಎರಡು. ಇವುಗಳನ್ನು ತುಂಬಿರುವ ಜೀವಕೋಶಗಳಲ್ಲಿ ಬಹಳವು ಅಲ್ಲಿಯೇ ಹುಟ್ಟಿದವುಗಳಲ್ಲ. ಮಿದುಳಾಗತಕ್ಕ ನಾಳದ ಅಂಚಿನಿಂದ ಹೊರಟು ಪ್ರಯಾಣಮಾಡಿ ಬಂದವುಗಳು. ಕೆಳಗಿನ ಎರಡು ಉಬ್ಬುಗಳು ಮೊದಲು ಕೂಡಿ ಗದ್ದವಾಗುತ್ತವೆ. ಹಣೆಯ ಉಬ್ಬಿನಲ್ಲಿ ಎರಡು ಗುಳಿಗಳು ಬಿದ್ದು ಮೂಗಿನ ಹೊಳ್ಳೆಗಳಿಗೆ ಮೊದಲಾಗುವದು. ಕಣ್ಣುಗಳು ಆಗ ಮೀನಿನವುಗಳಂತೆ ಪಕ್ಕಗಳಲ್ಲಿರುತ್ತವೆ, ಕಿವಿಗಳೋ ಕೊರಳಿನ ಹತ್ತಿರ! ತಲೆಯು ಬೆಳೆದ ಹಾಗೆ ಕಣ್ಣುಗಳು ಮುಂದಕ್ಕೂ ಕಿವಿಗಳು ಮೇಲಕ್ಕೂ ಬಂದು ಸೇರುತ್ತವೆ.

ಮೇಲ್ದುಟಿಯ ಕೆಲಸವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಹೊಳ್ಳೆಗಳ ಒಳಬದಿಯ ಅಂಚುಗಳು ನಡುವೆ ಒಂದಾಗುತ್ತವೆ; ಮೇಲ್ದವಡೆಯ ಉಬ್ಬುಗಳು ಎಡಬಲಗಳಿಂದ ಬಂದು ಅವುಗಳನ್ನು ಮುಟ್ಟಿ ಬೆಸೆದುಕೊಳ್ಳುತ್ತವೆ. ಕನ್ನಡಿಯಲ್ಲಿ ನೋಡಿಕೊಳ್ಳಿರಿ, ಮೂಗಿಗೂ ತುಟಿಗೂ ನಡುವೆ ಇರುವ ಸಣ್ಣ ಕಾಲುವೆಯ ಎರಡು ಏರಿಗಳು ಸುಮಾರಾಗಿ ಆ ಬೆಸುಗೆಯ ಸ್ಥಳವನ್ನು ತೋರಿಸುತ್ತವೆ. ಈ ಕಾರ್ಯವೆಲ್ಲಾ 7ನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಬಾಯಿಯ ಅಂಗಳವು ಮುಚ್ಚಿಕೊಳ್ಳುವದು ಅನಂತರ, 12ನೆಯ ವಾರದೊಳಗೆ.

ಅಕ್ಕಿಕಾಳಿನಷ್ಟು ಪಿಂಡದಲ್ಲಿ ಇದನ್ನು ಕಂಡವರಾರು ಎಂದು ಕೇಳುವವರಿಗೆ, ವಿಲ್ಹೆಲ್ಮ್ ಹಿಸ್ (1831–1904) ಎಂಬ ಪಂಡಿತನ ಹೆಸರನ್ನು ಹೇಳುತ್ತೇವೆ. 1834ರಲ್ಲಿ ಮಂಗಳೂರಿಗೆ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವೇ ಇವನ ಹುಟ್ಟೂರು. ಪಿಂಡಗಳನ್ನು ತೆಳ್ಳನೆಯ ಪದರಗಳಾಗಿ ಕೊಯ್ದು, ಪ್ರತಿಯೊಂದರ ಚಿತ್ರ ಬರೆದು, ಅವುಗಳಿಂದ ದೊಡ್ಡ ಮಾದರಿಗಳನ್ನು ಕಟ್ಟಿ, 1880ರಿಂದ 1885ರ ವರೆಗೆ ತನ್ನ ಗ್ರಂಥವನ್ನು ಪ್ರಕಟಿಸಿದನು.

ಮೇಲ್ದುಟಿಯಲ್ಲಿ ಒಂದು ಪಕ್ಕದ ಬೆಸುಗೆ ತಪ್ಪಿದರೆ ಮಗುವು ಸೀಳುತುಟಿಯೊಡನೆ ಹುಟ್ಟುತ್ತದೆ. ತುಟಿಯ ಅಥವಾ ಅಂಗಳದ ಸೀಳು ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಇರುವದು. ನಮ್ಮ ಹಳೆ ವಿದ್ಯಾರ್ಥಿನಿ ಒಬ್ಬಳಿಗೆ ಇಂಥ ಮಗು ಹುಟ್ಟಿದಾಗ, ಆರನೆಯ ತಿಂಗಳಲ್ಲಿ ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದರ ಫಲವಿದೆಂದು ಮನೆಯವರು ಹೇಳಿದರು. ಕ್ರೈಸ್ತರ ಮನೆಗಳಲ್ಲಿ ಈ ಮಾತು ಇಲ್ಲವೆಂದು ಹೇಳಲು ನಮಗೆ ಬಾಯಿ ಬಾರದು. ಆದರೆ ತುಟಿ ಕೂಡುವ ಕಾಲವು ಆ ಗ್ರಹಣಕ್ಕೆ ನಾಲ್ಕು ತಿಂಗಳ ಮೊದಲೇ ಕಳೆದುಹೋಗಿತ್ತು! ಆ ದಿನ ಅವಳು ಏನು ಹೆಚ್ಚಿದರೇನು, ಹೆಚ್ಚದಿದ್ದರೇನು? ಆ ಬೆಸುಗೆಯ ವಾರಗಳಲ್ಲಿ ತಾನು ಗರ್ಭಿಣಿಯೆಂಬದೇ ಅನೇಕ ಸ್ತ್ರೀಯರಿಗೆ ಆಗತಾನೆ ತಿಳಿಯುತ್ತಿರುವದು. ವಂಶದ ಗುಣ, ಧೂಮಪಾನ, ಗರ್ಭಕ್ಕೆ ಮುಂಚಿನಿಂದಿದ್ದ ಸಕ್ಕರೆ ಕಾಯಿಲೆ, ಮೂರ್ಛೆರೋಗದ ಕೆಲವು ಔಷಧಗಳು, ಇವು ಕಾರಣಗಳಲ್ಲಿ ಸೇರಿವೆ. ಆದರೆ ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಕೂಡದು. ಅನೇಕ ವೇಳೆ ಇದೇ ಕಾರಣವೆಂದು ಒಂದನ್ನು ತೋರಿಸಲಾಗುವದೇ ಇಲ್ಲ.

ಅಂಗಳ ಸೀಳಿದ ಮಗುವಿಗೆ ಮೊಲೆ ಚೀಪುವದು ಕಷ್ಟ. ತಾಯಿಯ ಹಾಲನ್ನೇ ಹಿಂಡಿ, ಮಗುವನ್ನು ನೆಟ್ಟಗೆ ಎತ್ತಿಕೊಂಡು, ಒಳಲೆಯಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಬಹುದು. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೂ, ಅಂಗಳದ್ದನ್ನು 9ರಿಂದ 18 ತಿಂಗಳೊಳಗೂ ಮಾಡುತ್ತಾರೆ. ನಿಮ್ಮಲ್ಲಿ ಉಪಾಧ್ಯಾಯಿನಿಯರಾದವರಿಗೆ ಇನ್ನೊಂದು ಮಾತು: ಅಂಗಳದ ಚಿಕಿತ್ಸೆಯಾದ ಮೇಲೂ ಕೆಲವು ಮಕ್ಕಳಿಗೆ ಪ, ಬ, ಕ, ಗ ಎಂಬ ಅಕ್ಷರಗಳಲ್ಲಿ ಉಸಿರು ಮೂಗಿನಿಂದ ಜಾರಿಹೋಗುತ್ತದೆ. ಮಾತಿನ ತರಬೇತಿ ಕೊಡುವವರ ಬಳಿಗೆ ಅವರನ್ನು ಕಳುಹಿಸಿರಿ. ಓದುವ ಸರದಿ ಬಂದಾಗ ಅಂಥವಳನ್ನು ದಾಟಿ ಪಕ್ಕದವಳಿಗೆ ಪುಸ್ತಕ ಕೊಡಬೇಡಿರಿ.