ತಂಗಡಿ ಗಿಡದ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಕಲ್ಲುಗುಡ್ಡಗಳಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವ ಗಿಡ ತಂಗಡಿ. ಹಳದಿ ಹೂವು, ಚಪ್ಪಟೆ ಕಾಯಿ. ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಪುಸ್ತಕದವರು ಇದನ್ನು ಆವರಿಕೆ ಅಂತಾರ. ಊರಿನವರಿಗೆ ಇದು ಹೂವಿನ ಗಿಡ, ಔಷಧದ ಗಿಡ. ನಮ್ಮ ಕೇರಿಗೆ ಮಾತ್ರ ಇದು ತೊಗಟೆಯ ಗಿಡ. ಒಂದೇ ಗಿಡವನ್ನು ಯಾರು ಏನಂತ ಕರೀತಾರ ಅನ್ನೋದರಲ್ಲೇ ಊರು ಯಾವುದು, ಕೇರಿ ಯಾವುದು ಅಂತ ಗೊತ್ತಾಗತದ.

ಸತ್ತ ದನ ಹೊರುವವರು ನಾವು. ತೊಗಲು ಸುಲಿದು, ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಕೂದಲು ಕೆರೆದು ತೆಗೆದ ಮೇಲೆ ತಂಗಡಿಯ ಕೆಲಸ ಶುರು. ಗುಡ್ಡದಿಂದ ಹೊರೆ ತಂದು, ತೊಗಟೆ ಬಿಡಿಸಿ, ಒಣಗಿಸಿ, ಕುಟ್ಟುವುದು ನಮ್ಮ ಅವ್ವಂದಿರ ಪಾಲಿನದು. ಕುಟ್ಟಿದ್ದನ್ನು ನೀರಿಗೆ ಹಾಕಿದರೆ ನೀರು ಕೆಂಪಾಗಿ ಒಗರಾಗುತ್ತದೆ. ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ತೊಗಟೆ ತುಂಬಿ, ಮರಕ್ಕೆ ತೂಗಹಾಕಿ ಆ ನೀರನ್ನು ಸುರಿಯುತ್ತಿದ್ದರು. ಕೆಳಗೆ ತೊಟ್ಟಿಕ್ಕಿದ್ದನ್ನು ಹಿಡಿದು ಮತ್ತೆ ಸುರಿಯಬೇಕು. ಹಗಲು ರಾತ್ರಿ ಇದೇ ದುಡಿಮೆ. ಒಗರು ಒಳಗೆ ಇಳಿದ ತೊಗಲು ಕೊಳೆಯುವುದಿಲ್ಲ. ವಿಜ್ಞಾನಿಗಳು ಈ ಒಗರಿಗೆ ಟ್ಯಾನಿನ್ ಎಂದು ಹೆಸರಿಟ್ಟಿದ್ದಾರೆ. ಅದು ತೊಗಲಿನ ಪ್ರೋಟೀನನ್ನು ಕಚ್ಚಿ ಹಿಡಿದು ಕೊಳೆಯದಂತೆ ಕಾಯುತ್ತದೆ ಎನ್ನುತ್ತಾರೆ. ನಮ್ಮ ಮುತ್ಯಾಗಳು ಸಾಲಿಗೆ ಹೋದವರಲ್ಲ. ನೀರನ್ನು ನಾಲಿಗೆಗೆ ಹಚ್ಚಿ, "ಇನ್ನಾ ಹದಾ ಬಂದಿಲ್ಲ ತಗಿ" ಅಂತಿದ್ದರು. ಇದು ವಿದ್ಯೆ ಅಲ್ಲವೇ? ವಿದ್ಯೆಯಾಗಿದ್ದರೆ ಇದನ್ನು ಬಲ್ಲವರು ಯಾಕೆ ಊರ ಹೊರಗೆ ಉಳಿದರು?

ಹಾಗೆ ಹದಗೊಂಡ ತೊಗಲಿನಿಂದಲೇ ಕಪಿಲಿ ಬಾನಿ ಆಗುತ್ತಿತ್ತು. ಎತ್ತಿನ ಮಿಣಿ, ಬಾರಕೋಲು, ಒಕ್ಕಲಿಗನ ಕಾಲಿನ ಕೆರ ಎಲ್ಲವೂ ಅದರಿಂದಲೇ. ನಾವು ಹೊಲಿದ ಬಾನಿ ಬಾವಿಗೆ ಇಳಿದು ನೀರು ತರುತ್ತಿತ್ತು, ಆ ನೀರು ಗೌಡರ ಹೊಲಕ್ಕೆ ಹೋಗುತ್ತಿತ್ತು. ನಾವು ಅದೇ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ತೊಗಲಿಗೆ ಇಲ್ಲದ ಮೈಲಿಗೆ ತೊಗಲು ಹದ ಮಾಡಿದ ಕೈಗೆ! 12ನೇ ಶತಮಾನದಲ್ಲಿ ಇದೇ ಹದದ ಕಸುಬಿನ ಡೋಹರ ಕಕ್ಕಯ್ಯ ಕಲ್ಯಾಣದಲ್ಲಿ ಶರಣರ ನಡುವೆ ಕೂತ. ಇಂದು ವೇದಿಕೆಗಳ ಮೇಲೆ ಅವನ ಹೆಸರು ಹೇಳುವವರು ಅವನ ಕಸುಬಿನವರ ಮನೆಯಲ್ಲಿ ನೀರು ಕುಡಿಯಲು ಇನ್ನೂ ಹಿಂದೆ ಮುಂದೆ ನೋಡುತ್ತಾರೆ.

ತೊಗಟೆಯ ಮಾತು ಗಂಡಸರದಾದರೆ ಪಲ್ಲೆಯ ಮಾತು ಹೆಂಗಸರದು. ಜೋಳದ ಹೊಲದಾಗ ಕಸ ತೆಗಿಯಾಕ ಹೋದ ನಮ್ಮವ್ವಂದಿರು ಸಂಜಿಗೆ ಉಡಿ ತುಂಬ ಪಲ್ಲೆ ತರುತ್ತಿದ್ದರು. ರಾಜಗಿರಿ, ಗೋಳಿ, ಕಿರಕಸಾಲಿ, ಹಸಿಯಾಗಿ ತಿನ್ನಲು ಹತ್ತರಕಿ. ಹೊಲದವನಿಗೆ ಕಸ, ನಮಗೆ ಊಟ. ಹೊಲದ ಅಂಚಿನ ಪುಂಡಿ ಬಿತ್ತಿದವನದು, ಎಲೆ ಹರಿದುಕೊಳ್ಳಲು ಅವನ ಅಪ್ಪಣೆ ಬೇಕು. ಎಲೆ ಪಲ್ಲೆಯಾದರೆ ಅದರ ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದೆವು. ನೆಗಡಿ ಬಂದರೆ ಲಕ್ಕಿ ಸೊಪ್ಪಿನ ಉಗಿ, ಕಾಳಿಗೆ ಹುಳ ಬೀಳದಂತೆ ಬೇವಿನ ಎಲೆ. ದವಾಖಾನೆ ದೂರ, ರೊಕ್ಕ ಅದಕ್ಕಿಂತ ದೂರ. ನಮ್ಮ ಗಿಡಮೂಲಿಕೆಯ ಜ್ಞಾನವನ್ನು ಹೊಗಳುವವರು ಅದರ ಹಿಂದಿದ್ದ ಈ ಹಸಿವನ್ನೂ ನೆನೆಯಬೇಕು. ನಾವು ಅಡವಿಯ ಪ್ರೀತಿಗಾಗಿ ಗೋಳಿಪಲ್ಲೆ ತಿಂದವರಲ್ಲ.

1982ರಲ್ಲಿ ನಾರಾಯಣಪುರದಲ್ಲಿ ಕೃಷ್ಣೆಗೆ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರದ ಹೊಲಗಳಿಗೆ ನೀರು ತಂದಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು. ನೀರು ಬಂದದ್ದು ಒಳ್ಳೆಯದೇ; ಬರಗಾಲವನ್ನು ಬಲ್ಲ ನಾವು ನೀರನ್ನು ಬೈಯುವುದಿಲ್ಲ. ಆದರೆ ನೀರು ಹೊಲ ಇದ್ದವನ ಹೊಲಕ್ಕೆ ಬಂತು. ಹೊಲ ಇಲ್ಲದವನಿಗೆ ಏನು ಬಂತು? ಕಳೆನಾಶಕ ಬಂತು. ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಒಬ್ಬ ಆಳು ಒಂದು ದಿನ ಹೊಡೆದರೆ ಹತ್ತು ಹೆಂಗಸರ ಕೂಲಿ ಹೋಯಿತು. ಕೂಲಿಯ ಜೊತೆಗೆ ಉಡಿಯ ಪಲ್ಲೆಯೂ ಸುಟ್ಟುಹೋಯಿತು. ಈ ನಷ್ಟವನ್ನು ಯಾವ ಕಚೇರಿಯ ಯಾವ ಪಟ್ಟಿಯಲ್ಲಿ ಬರೆದಿದ್ದಾರೆ ತೋರಿಸಿರಿ.

ತಂಗಡಿ ಮಾತ್ರ ದೊಡ್ಡ ಹೆಸರು ಮಾಡಿದೆ. ನಮ್ಮ ಗಡಿಯಾಚೆಯ ತೆಲಂಗಾಣ 2014ರಲ್ಲಿ ಅದನ್ನು ತಂಗೇಡು ಎಂಬ ಹೆಸರಿನಲ್ಲಿ ತನ್ನ ರಾಜ್ಯದ ಹೂವು ಎಂದು ಸಾರಿತು. ಅಲ್ಲಿ ಬತುಕಮ್ಮ ಹಬ್ಬಕ್ಕೆ ಆ ಹೂವೇ ಬೇಕು. ಪ್ಯಾಟಿಯಲ್ಲಿ ಅದರ ಹೂವಿನ ಪುಡಿ ಸಕ್ಕರೆ ಕಾಯಿಲೆಯ ಚಹಾ ಅಂತ ಪೊಟ್ಟಣದಲ್ಲಿ ಮಾರಾಟವಾಗುತ್ತಿದೆ. ಗಿಡಕ್ಕೆ ಮರ್ಯಾದೆ ಬಂತು, ಸಂತೋಷ. ಅದರ ತೊಗಟೆ ಬಿಡಿಸಿದ ಕೈಗೆ?

ಜೀವವೈವಿಧ್ಯ ಕಾಯ್ದೆ ಎಂಬುದು 2002ರಲ್ಲೇ ಆಗಿದೆ. ಅದರ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿ ಇರಬೇಕು, ಜನರನ್ನು ಕೇಳಿ ಗಿಡ, ಬೇರು, ಬಳಕೆ ಎಲ್ಲವನ್ನೂ ಒಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಜ್ಞಾನದಿಂದ ಲಾಭ ಬಂದರೆ ಜ್ಞಾನ ಇದ್ದವರಿಗೂ ಪಾಲು ಸಲ್ಲಬೇಕು. ಕಾಯ್ದೆ ಚೆಂದ ಇದೆ. ಆದರೆ ಬರೆಯಲು ಬರುವವರು ಗುಡಿ ಕಟ್ಟೆಯ ಮೇಲೆ ಕೂತು ಬರೆಯುತ್ತಾರೋ, ಕೇರಿಯ ಅಂಗಳಕ್ಕೂ ಬರುತ್ತಾರೋ? "ಗ್ರಾಮಸ್ಥರು ಬಳಸುತ್ತಾರೆ" ಎಂದು ಒಂದೇ ಸಾಲು ಬರೆದರೆ ಆ ಗ್ರಾಮಸ್ಥರಲ್ಲಿ ನಾವು ಇರುವುದಿಲ್ಲ. ಇದು ನಮಗೆ ಗೊತ್ತಿದೆ.

ಸುಣ್ಣದ ಗುಂಡಿಗೆ ವಾಪಸು ಹೋಗುವ ಆಸೆ ನಮಗಿಲ್ಲ. ವಿದ್ಯುತ್ ಪಂಪು, ಪ್ಲಾಸ್ಟಿಕ್ ಚಪ್ಪಲಿ, ಕ್ರೋಮ್ ಹದದ ಕಾರಖಾನೆ ಬಂದು ನಮ್ಮ ಕಸುಬು ಹೋಯಿತು. ಅದರ ನಾತ ನಮ್ಮ ಮಕ್ಕಳ ಮೈಗೆ ಹತ್ತಬಾರದು. ಕಸುಬು ಹೋಗಲಿ, ಲೆಕ್ಕ ಹೋಗಬಾರದು. ಆ ದಾಖಲೆ ಪುಸ್ತಕದಲ್ಲಿ ತಂಗಡಿಯ ಎದುರಿಗೆ ಹೂವು, ಔಷಧ ಎಂದು ಬರೆಯುವಾಗ ತೊಗಟೆ ಎಂದೂ ಬರೆಯಿರಿ. ಯಾವ ಕೇರಿಯವರು ಕುಟ್ಟಿದರು, ಆ ನೀರನ್ನು ಯಾರ ನಾಲಿಗೆ ನೋಡಿತು ಎಂಬುದನ್ನೂ ಬರೆಯಿರಿ. ಬರೆಯಲು ನಿಮಗೆ ಆಗದಿದ್ದರೆ ಪೆನ್ನು ಇತ್ತ ಕೊಡಿರಿ. ನಮ್ಮ ಮಕ್ಕಳು ಈಗ ಸಾಲಿ ಕಲಿತಾರ.