ನೆಳ್ಳ ನೋಡಿ ಗಿಡ ಹಚ್ಚಬೇಕು

ನಮ್ಮೂರು ಗಲಗಲಿಯ ಮನೆಮನೆಯ ಒಲೆಯ ಮೇಲೂ ಬೆಳಗಾದರೆ ಕ್ಯಾಮೆಲಿಯಾ ಕುದಿಯುತ್ತದೆ. ನಾವು ಕುಡಿಯುವ ಚಹಾದ ಗಿಡ ಆ ಕುಲದ್ದೇ. ಅದೇ ಕುಲದಲ್ಲಿ ಹೂವಿಗೆಂದೇ ಬೆಳೆಸುವ ಇನ್ನೊಂದು ಗಿಡವಿದೆ, ಕ್ಯಾಮೆಲಿಯಾ ಎಂದು ಸಾಮಾನ್ಯವಾಗಿ ಕರೆಯುವುದು ಅದನ್ನೇ. ಚೀನಾ, ಜಪಾನುಗಳ ಕಾಡಿನದು. ಕರಿಹಸಿರು ಎಲೆಗಳ ನಡುವೆ ಚಳಿಗಾಲದಲ್ಲಿ ಗುಲಾಬಿಯಂಥ ಹೂ ಬಿಡುತ್ತದೆ. ಊಟಿಗೆ ಹೋಗಿ ಅದನ್ನು ಕಂಡುಬಂದ ನನ್ನ ಸೊಸೆಗೆ ಹಿತ್ತಲಲ್ಲಿ ಒಂದು ಬೇಕೆನಿಸಿತು.

“ಅತ್ತಿ, ಎಲ್ಲಿ ಹಚ್ಚೂಣ್ರಿ?”

“ಮೊದಲ ನೆಳ್ಳ ಎಲ್ಲಿ ಬೀಳತೈತಿ ನೋಡವಾ.”

ಕ್ಯಾಮೆಲಿಯಾಕ್ಕೆ ಮುಂಜಾನೆಯ ಎಳೆಬಿಸಿಲು ಬೇಕು, ಮಧ್ಯಾಹ್ನದ ಬಿಸಿಲು ಆಗದು. ಹಾಗಾದರೆ ಗೋಡೆಯ ಉತ್ತರಕ್ಕೆ ಹಚ್ಚಿದರಾಯಿತು ಎಂದು ಶೀತದೇಶದ ಪುಸ್ತಕ ಓದಿದವರು ಹೇಳಿಯಾರು. ನಮ್ಮಲ್ಲಿ ಆ ಲೆಕ್ಕ ನಡೆಯದು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ತಂಪಾಗಿದ್ದ ಗೋಡೆಯ ಬುಡವೇ ಮೇ ತಿಂಗಳಲ್ಲಿ ಕಾದ ಹಂಚಾಗುತ್ತದೆ. ವರ್ಷವಿಡೀ ಮಧ್ಯಾಹ್ನದ ನೆಳ್ಳ ಸಿಗುವುದು ಬೇವಿನ ಮರದ ಪೂರ್ವಕ್ಕೆ ಮಾತ್ರ. ಆ ಮೂಲೆ ನಮಗೆ ಸಿಕ್ಕಿತು.

ಮುಂದೆ ಮಣ್ಣು. ಕೃಷ್ಣೆಯ ದಂಡೆಯ ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಕ್ಯಾಮೆಲಿಯಾದ ಬೇರು ನೂಲಿನಂಥದು, ನೆಲದ ಮೇಲ್ಪದರದಲ್ಲೇ ಹರಡುವಂಥದು. ಮಳೆಗಾಲದಲ್ಲಿ ಅದು ಕೊಳೆಯುತ್ತದೆ, ಬೇಸಿಗೆಯ ಬಿರುಕಿನಲ್ಲಿ ಹರಿಯುತ್ತದೆ. ಅದು ಬಯಸುವುದು ಹುಳಿಮಣ್ಣು, ರಸಸಾರ 5.5ರಿಂದ 6.5. ಎರೆಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು. ಅಗೆದಾಗ ಸಿಕ್ಕ ಬಿಳಿ ಹರಳಿನ ಮೇಲೆ ಸೊಸೆ ನಿಂಬೆಹಣ್ಣು ಹಿಂಡಿದಳು. ಸಣ್ಣ ನೊರೆ ಎದ್ದಿತು. ಅದು ಸುಣ್ಣ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಈ ಗಿಡದ ಬೇರಿಗೆ ಅದು ದಕ್ಕದು. ನರಗಳಷ್ಟೇ ಹಸಿರಾಗಿ ಉಳಿದು ಎಲೆ ಹಳದಿಯಾಗುತ್ತದೆ.

“ಗುಂಡಿ ತೋಡಿ ಮಲೆನಾಡಿನ ಮಣ್ಣು ತುಂಬಿದರ?” ಅವಳು ಕೇಳಿದಳು. ಒಂದೂವರೆ ಅಡಿ ತೋಡಿ, ನೀರು ತುಂಬಿಸಿ ಬಿಟ್ಟೆವು. ಮರುದಿನ ಮುಂಜಾನೆಗೂ ನೀರು ನಿಂತಿತ್ತು. ಒಳಗೆ ಎಂಥ ಮಣ್ಣು ಸುರಿದರೂ ಸುತ್ತಲಿನ ಎರೆ ನೀರನ್ನು ಬಿಟ್ಟುಕೊಡದು. ಬೋರಿನ ಗಡುಸು ನೀರು ಉಣಿಸಿದಂತೆ ಸುಣ್ಣವೂ ಮರಳಿ ಸೇರುತ್ತದೆ. ಕಬ್ಬಿಗೆ ಮಿತಿಮೀರಿ ನೀರು ಕಟ್ಟಿ ಹೊಲ ಸವಳು-ಜವಳಾದದ್ದನ್ನು ಕಂಡ ಸೀಮೆ ನಮ್ಮದು. ನೀರಿಗೆ ಹೋಗಲು ದಾರಿ ಇಲ್ಲದಿದ್ದರೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕುಂಡದಲ್ಲಿಟ್ಟು, ಮಳೆನೀರು ಹಿಡಿದು ಉಣಿಸಿ ಒಂದೆರಡು ವರ್ಷ ಉಳಿಸಬಹುದೇನೋ. ಆದರೆ 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳ ಒಣಗಾಳಿಯನ್ನು ತಡೆಯುವವರು ಯಾರು? ಗಿಡವನ್ನು ಬರೀ ಜೀವ ಹಿಡಿದುಕೊಂಡಿರುವಂತೆ ಇಡುವುದು ಸಾಕಣೆಯಲ್ಲ. ಅದರ ನೆಂಟ ಚಹಾ ಚಿಕ್ಕಮಗಳೂರಿನ, ಕೊಡಗಿನ ಇಳಿಜಾರಿನಲ್ಲಿ ನಳನಳಿಸುವುದು ಅಲ್ಲಿ ಮಳೆ ಧಾರಾಳ, ನೀರು ನಿಲ್ಲದು, ಮಣ್ಣು ಹುಳಿ ಎಂಬ ಕಾರಣಕ್ಕೆ. ಕ್ಯಾಮೆಲಿಯಾಕ್ಕೆ ಸರಿಯಾದ ಜಾಗ ಅಂಥದೇ. ನಮ್ಮ ಹಿತ್ತಲಲ್ಲಿ ಅದಕ್ಕೆ ಜಾಗವಿಲ್ಲ ಎಂದು ಒಪ್ಪಿಕೊಳ್ಳುವುದೂ ಆ ಗಿಡಕ್ಕೆ ತೋರಿಸುವ ಅಕ್ಕರೆಯೇ.

ಹುಡುಕಾಟ ವ್ಯರ್ಥವಾಗಲಿಲ್ಲ. ಬೇವಿನ ಅರೆನೆಳ್ಳಿಗೆ ಅಬ್ಬಲಿಗೆ ಹೊಂದುತ್ತದೆ. ಗರಸು, ತಿಪ್ಪೆಗೊಬ್ಬರ ಬೆರೆಸಿ ಮಡಿಯನ್ನು ಒಂದು ಗೇಣು ಎತ್ತರಿಸಿದೆವು. ಕಾಯುವ ಪಡುವಣ ಗೋಡೆಗೆ ಕಣಗಿಲ. ಸುಣ್ಣ, ಉಪ್ಪು, ಬಿಸಿಲು ಮೂರನ್ನೂ ತಾಳುವ ಗಟ್ಟಿಗ ಅದು. ಆದರೆ ಗಿಡವಿಡೀ ವಿಷ, ಮಕ್ಕಳ, ದನಗಳ ಬಾಯಿಗೆ ಎಟುಕದಂತಿರಬೇಕು. ನಡುವಿನ ಬಯಲು ದುಂಡುಮಲ್ಲಿಗೆಗೆ. ಅರ್ಧ ದಿನವಾದರೂ ನೇರ ಬಿಸಿಲು ಬೀಳದಿದ್ದರೆ ಅದು ಸರಿಯಾಗಿ ಮೊಗ್ಗು ಕಟ್ಟದು.

ಹಿತ್ತಲಿರುವ ಎಲ್ಲರಿಗೂ ನನ್ನ ಮಾತು ಇಷ್ಟೇ: ನರ್ಸರಿಗೆ ಹೋಗುವ ಮೊದಲು ಒಂದು ಬೇಸಿಗೆ, ಒಂದು ಮಳೆಗಾಲ ನಿಮ್ಮ ನೆಲವನ್ನು ನೋಡಿ. ನೆಳ್ಳ ಎಲ್ಲಿ ಸರಿಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ನೆಲ ಎಲ್ಲಿ ಬಿರಿಯುತ್ತದೆ ಎಂಬುದು ತಿಳಿದ ಮೇಲೆ ಮಿರಗದ ಮಳೆಗೆ ಸಸಿ ಹಚ್ಚಿ. ಆಗ ಯಾವ ಗಿಡ ಬೇಕೆಂದು ನಿಮ್ಮ ಹಿತ್ತಲೇ ಹೇಳುತ್ತದೆ.