ಅಳಿಸಿದ ಮೇಲೂ ಉಳಿದದ್ದು

ವಾರವಿಡೀ ಪುಣೆಯ ಹಿಂಜವಾಡಿಯಲ್ಲಿ ಕಂಪನಿಯ ಸರ್ವರ್ ಕಾಯುವವನಿಗೆ ಭಾನುವಾರವೂ ಅದೇ ಬೇಕೆನಿಸಿದರೆ ಅದು ಚಟವೇ ಸರಿ. ಧಾರವಾಡದ ಕಡೆಯ ಈ ಎಂಜಿನಿಯರನಿಗೆ ಡಾಕರ್ ಕಂಟೇನರುಗಳನ್ನು, ಅಂದರೆ ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಗಳನ್ನು, ಎಬ್ಬಿಸಿ, ನಿಲ್ಲಿಸಿ, ಅಳಿಸಿ, ಇಷ್ಟಾದ ಮೇಲೂ ಏನು ಉಳಿಯಿತೆಂದು ನೋಡುವುದರಲ್ಲೇ ಸುಖ. ಆಟಕ್ಕೆ ಒದಗುವುದು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಏರಿಸಿಟ್ಟ ಮನೆಯ ಕನ್ನಡ ಪುಸ್ತಕಗಳ ಪಟ್ಟಿ.

ಸಾಲೊಮನ್ ಹೈಕ್ಸ್ 2013ರಲ್ಲಿ ಡಾಕರನ್ನು ಜನರ ಮುಂದಿಟ್ಟ. ಕಂಟೇನರ್ ನಿಂತರೆ ಎಲ್ಲ ಹೋಯಿತೆಂಬ ಭಯ ಹೊಸಬರಿಗೆ ಇಂದಿಗೂ ಇದೆ. ಹಾಗೇನಿಲ್ಲ. ನಿಂತದ್ದನ್ನು ಮತ್ತೆ ಶುರು ಮಾಡಿದರೆ ಬರೆದದ್ದು ಇದ್ದಲ್ಲೇ ಇರುತ್ತದೆ; ಹೋಗುವುದು ಕಂಟೇನರನ್ನೇ ಅಳಿಸುವ ‘ಆರ್‌ಎಂ’ ಆದೇಶ ಹೊಡೆದಾಗ.

ಕಂಟೇನರ್ ಹುಟ್ಟುವುದು ಇಮೇಜ್ ಎಂಬ ಅಚ್ಚಿನಿಂದ. ಇಮೇಜಿನ ಪದರಗಳನ್ನು ಕಂಟೇನರ್ ಓದಬಹುದು, ತಿದ್ದುವಂತಿಲ್ಲ. ಅವುಗಳ ಮೇಲೆ ಬರೆಯಲೆಂದೇ ಒಂದು ತೆಳುಪದರ. ಹಳೆಯ ಫೈಲಿಗೆ ಕೈ ಹಾಕಿದರೆ ಅದರ ಪ್ರತಿ ಮೇಲಕ್ಕೆ ಬರುತ್ತದೆ, ತಿದ್ದುಪಡಿ ಆಗುವುದು ಅದರಲ್ಲಿ. ಅಳಿಸಿದರೆ? ಕೆಳಗಿನದು ಅಳಿಯುವುದೇ ಇಲ್ಲ. ಮೇಲಿನ ಪದರದಲ್ಲಿ ‘ವೈಟ್‌ಔಟ್’ ಎಂಬ ಗುರುತು ಬಿದ್ದು ಫೈಲು ಕಣ್ಣಿಗೆ ಮರೆಯಾಗುತ್ತದೆ, ಅಷ್ಟೆ. ‘ಡಾಕರ್ ಡಿಫ್’ ಎಂದರೆ ಈ ಗುಟ್ಟೆಲ್ಲ ಬಯಲು: ಸೇರಿದ್ದಕ್ಕೆ ‘ಎ’, ಬದಲಾದದ್ದಕ್ಕೆ ‘ಸಿ’, ತೆಗೆದದ್ದಕ್ಕೆ ‘ಡಿ’. ಆ ಪಟ್ಟಿಯನ್ನು ಅವನು ಪತ್ತೇದಾರಿ ಕಾದಂಬರಿಯಂತೆ ಓದುತ್ತಾನೆ.

ಮೂಲವನ್ನು ಕೆಡಿಸದೆ ಬದಲಾವಣೆಯನ್ನು ಬೇರೆ ಇಡುವ ಶಿಸ್ತು ಪುಣೆಗೆ ಹೊಸದೇನಲ್ಲ. ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1919ರಿಂದ 1966ರವರೆಗೆ ದುಡಿದು ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ ಒಪ್ಪಿತ ಪಾಠ ಮೇಲೆ, ಪಾಠಾಂತರಗಳು ಪುಟದ ಕೆಳಗೆ, ಉದ್ದನೆಯ ಪ್ರಕ್ಷೇಪಗಳು ಅನುಬಂಧದಲ್ಲಿ. ಡಾಕರ್ ಇದನ್ನು ತಲೆಕೆಳಗು ಮಾಡಿದೆ: ಮೂಲ ಕೆಳಗೆ, ಬದಲಾವಣೆ ಮೇಲಿನ ಪದರದಲ್ಲಿ.

ಈ ಮೇಲ್ಪದರವನ್ನೇ ಹೊಸ ಇಮೇಜಾಗಿ ಕಟ್ಟಿಕೊಡುವುದು ‘ಡಾಕರ್ ಕಮಿಟ್’. ಇಲ್ಲೇ ಇರುವುದು ಮಜಾ. ಪೋಸ್ಟ್‌ಗ್ರೆಸ್ ಓಡಿಸಿ, ಪುಸ್ತಕಗಳನ್ನೆಲ್ಲ ತುಂಬಿ, ಕಮಿಟ್ ಮಾಡಿ, ಆ ಇಮೇಜಿನಿಂದ ಹೊಸ ಕಂಟೇನರ್ ಎಬ್ಬಿಸಿದರೆ ಒಂದು ಪುಸ್ತಕವೂ ಇಲ್ಲ! ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ ತನ್ನ ಡೇಟಾವನ್ನು ಮೊದಲೇ ಕಂಟೇನರಿನ ಪದರಗಳ ಹೊರಗಿನ ಸಂಗ್ರಹವಾದ ವಾಲ್ಯೂಮಿಗೆ ವಹಿಸಿರುತ್ತದೆ. ವಾಲ್ಯೂಮಿನಲ್ಲಿದ್ದದ್ದನ್ನು ಕಮಿಟ್ ಮುಟ್ಟುವುದಿಲ್ಲ. ವಾಲ್ಯೂಮಿಗೆ ನಾವು ಹೆಸರಿಡದಿದ್ದರೆ ಡಾಕರೇ 64 ಅಕ್ಷರಗಳ ಒಂದು ಹೆಸರನ್ನು ಅಂಟಿಸುತ್ತದೆ. ಅದನ್ನು ನೆನಪಿಟ್ಟುಕೊಳ್ಳುವವರು ಯಾರು? ‘ಪುಸ್ತಕ’ ಎಂದು ಹೆಸರಿಟ್ಟರೆ ಕಂಟೇನರನ್ನು ಎಷ್ಟು ಸಲ ಅಳಿಸಿದರೂ ವಾಲ್ಯೂಮ್ ಕದಲುವುದಿಲ್ಲ, ಹೊಸ ಕಂಟೇನರಿಗೆ ಅದನ್ನೇ ಜೋಡಿಸಿದರಾಯಿತು. ವಾಲ್ಯೂಮಿಗೇ ಪ್ರತ್ಯೇಕ ಆದೇಶಗಳು ಬಂದದ್ದು 2015ರ 1.9ನೇ ಆವೃತ್ತಿಯಲ್ಲಿ.

ಇನ್ನು ನಿಲ್ಲಿಸುವ ಬಗೆ. ಲಿನಕ್ಸ್‌ನಲ್ಲಿ ‘ಡಾಕರ್ ಸ್ಟಾಪ್’ ಮೊದಲು ಒಂದು ಸಂಕೇತ ಕಳಿಸಿ, ಸಾಮಾನ್ಯವಾಗಿ 10 ಸೆಕೆಂಡು ಕಾದು, ಆಮೇಲೆ ಕತ್ತು ಹಿಸುಕುತ್ತದೆ. ಮಾಮೂಲಿ ಸಂಕೇತ ‘ಸಿಗ್‌ಟರ್ಮ್’. ಅದು ಬಂದರೆ ಪೋಸ್ಟ್‌ಗ್ರೆಸ್ ಒಳಗಿರುವವರೆಲ್ಲ ತಾವಾಗಿ ಹೊರಡುವವರೆಗೂ ಕಾಯುವ ಸಂಭಾವಿತ. ಅದಕ್ಕೇ ಅಧಿಕೃತ ಇಮೇಜ್ ‘ಸಿಗ್‌ಇಂಟ್’ ಕಳಿಸಲು ಹೇಳಿರುತ್ತದೆ: ಸಂಪರ್ಕ ಕಡಿ, ಅರ್ಧಕ್ಕೆ ನಿಂತ ವ್ಯವಹಾರ ಹಿಂತೆಗೆ, ಬಾಗಿಲು ಹಾಕು. ದೊಡ್ಡ ಡೇಟಾಬೇಸಿಗೆ 10 ಸೆಕೆಂಡು ಸಾಲದೇ ಹೋಗಬಹುದು. ಅವನ ಪುಸ್ತಕದ ಪಟ್ಟಿ ತೀರಾ ಚಿಕ್ಕದು, ಆದರೂ ಅವನು ಕೊಡುವುದು 60.